ಭಾವ ಆರಿಸಿದ ಹಲಗೆ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಕಟ್ಟಿಗೆಯ ಬಗ್ಗೆ ಏನೂ ಗೊತ್ತಿಲ್ಲ. ಅವರು ಕಲಬುರಗಿ ಕಡೆಯ ತೊಗರಿಬೇಳೆ ವ್ಯಾಪಾರಿ, ಸಂಭಾಜಿನಗರದಲ್ಲಿ ಅಂಗಡಿ ಇಟ್ಟಿದ್ದಾರೆ. ಬೇಳೆಯನ್ನು ಮುಷ್ಟಿಯಲ್ಲಿ ಹಿಡಿದು, ಮೂಸಿ, ಹಲ್ಲಿನಲ್ಲಿ ಕಟಕ್ ಎನ್ನಿಸಿ ಅದು ಯಾವ ಊರಿನದು ಎಂದು ಹೇಳುತ್ತಾರೆ. ಅದನ್ನು ನಾನು ಒಪ್ಪುತ್ತೇನೆ. ತೊಂದರೆ ಏನೆಂದರೆ ಅವರು ಜಗತ್ತನ್ನೆಲ್ಲ ಬೇಳೆ ಎಂದೇ ತಿಳಿದಿದ್ದಾರೆ. ನಮ್ಮ ಫ್ರಿಜ್ಜನ್ನು ಮೂಸಿದ್ದಾರೆ, ನನ್ನ ಸ್ಕೂಟರಿನ ಸೀಟನ್ನು ಹಿಸುಕಿದ್ದಾರೆ, ಎರಡೂ ನಾನು ಮೋಸ ಹೋಗಿ ತಂದದ್ದು ಎಂದು ತೀರ್ಪು ಕೊಟ್ಟಿದ್ದಾರೆ. ನಮ್ಮ ಅವ್ವನಿಗೆ ಅಳಿಯ ಹೇಳಿದ್ದೇ ಶಾಸನ. ಹಾಗಾಗಿ ಆ ತೀರ್ಪುಗಳಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ.

ಅಂಥವರನ್ನು ಕಟ್ಟಿಗೆ ಕೊಳ್ಳಲು ನಾನಾಗಿ ಕರೆದವನಲ್ಲ. ಆದದ್ದು ಇಷ್ಟು. ಭಾಲ್ಕಿಯಿಂದ ಅವ್ವ ನಾಶಿಕಕ್ಕೆ ನಮ್ಮ ಜೊತೆ ಇರಲು ಬಂದ ವರ್ಷ ಚಳಿ ಜೋರಾಗಿತ್ತು. ನಮ್ಮದು ಸಾಲುಮನೆ, ನಾನು ದುಡಿಯುವ ಅಂಬಡ್ ಕಾರ್ಖಾನೆಗೆ ಹತ್ತಿರ ಅನ್ನುವುದೊಂದೇ ಅದರ ಗುಣ. ಒಳಗೆ ಬಿಸಿಲೆಂಬುದು ಬರುವುದಿಲ್ಲ. ಹಿತ್ತಲಿನ ತುದಿಯಲ್ಲಿ ಮಾತ್ರ ಬೆಳಿಗ್ಗೆ ಒಂದು ತುಂಡು ಬಿಸಿಲು ಬೀಳುತ್ತದೆ. ಬಟ್ಟೆ ಒಗೆಯುವ ಕಲ್ಲಿನ ನೀರೆಲ್ಲ ಅಲ್ಲಿ ಹರಿದು ಕೆಸರಾಗುವುದರಿಂದ ಮೊಣಕಾಲು ನೋವಿನ ಅವ್ವ ಅಲ್ಲಿಗೆ ಹೋಗುವಂತಿರಲಿಲ್ಲ. ಬಾಗಿಲಲ್ಲಿ ಶಾಲು ಹೊದ್ದು ನಿಂತು ಆ ಬಿಸಿಲನ್ನು ನೋಡುತ್ತಿದ್ದಳು. ಅದನ್ನು ದಿನಾ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಇಗತಪುರಿಯ ಯಾವುದೋ ಹೋಟೆಲಿನ ತೋಟದಲ್ಲಿ ಹಲಗೆ ಹಾಸಿದ ಡೆಕ್ ನೋಡಿ ಬಂದಿದ್ದ ನನ್ನ ಹೆಂಡತಿ, ನಾವೂ ಬಾಗಿಲಿಂದ ಬಿಸಿಲಿನವರೆಗೆ ಒಂದು ಡೆಕ್ ಹಾಸೋಣ ಎಂದಳು. ಅವ್ವ ಅದಕ್ಕೆ ಕಟ್ಟಿಗೆಯ ಕಟ್ಟೆ ಎಂದು ಹೆಸರಿಟ್ಟು ಒಪ್ಪಿದಳು.

ಕೆಡವಿದ ಹಳೆಯ ವಾಡೆಗಳ, ಅಂದರೆ ದೊಡ್ಡ ಮನೆಗಳ, ಸಾಗವಾನಿ ಸಂಭಾಜಿನಗರದಲ್ಲಿ ಸಿಗುತ್ತದೆ, ಮಳೆಬಿಸಿಲಿಗೆ ಜಗ್ಗುವುದಿಲ್ಲ ಎಂದು ಡೆಕ್ ಹಾಸಲು ಗೊತ್ತುಮಾಡಿದ ಬಡಗಿ ಮಿಸ್ತ್ರಿ ಹೇಳಿದ. ಅವ್ವ ಅಕ್ಕನಿಗೆ ಫೋನು ಮಾಡಿದಳು. ನಾನು ಸಂಭಾಜಿನಗರ ಮುಟ್ಟುವ ಹೊತ್ತಿಗೆ ಭಾವ ಕಟ್ಟಿಗೆ ಅಡ್ಡೆಯ ಬಾಗಿಲಲ್ಲೇ ನಿಂತಿದ್ದರು.

ಮೊದಲು ಅವರು ಹಲಗೆಗಳನ್ನು ಬೆರಳ ಗೆಣ್ಣಿನಿಂದ ಬಡಿದರು. ಆಮೇಲೆ ಒಂದು ಕಣ್ಣು ಮುಚ್ಚಿ ಹಲಗೆಯ ಅಂಚಿನುದ್ದಕ್ಕೂ ನೋಡಿದರು, ಮತ್ತೆ ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿ ನೋಡಿದರು. ಮೂಸಿದರು. ಕೊನೆಗೆ ಒಂದು ಸಿಬಿರು ಕಿತ್ತು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಅಡ್ಡೆಯ ಮಾಲೀಕ ತನ್ನ ಆಯುಷ್ಯದಲ್ಲಿ ಬಹಳ ಗಿರಾಕಿಗಳನ್ನು ಕಂಡಿರಬೇಕು, ಸಾಗವಾನಿ ತಿನ್ನುವವರನ್ನು ಕಂಡಿರಲಿಲ್ಲ. ಅವನು ನನ್ನತ್ತ ನೋಡಿದ. ನಾನು ರಸ್ತೆಯತ್ತ ನೋಡಿದೆ.

ಬೇರೆ ಹಲಗೆಗಳನ್ನೆಲ್ಲ ಭಾವ ಸುಮಾರು ಎಂದರು. ಒಂದರ ಮುಂದೆ ಮಾತ್ರ ಕರಗಿಬಿಟ್ಟರು. ಅದು ಬಲು ಅಗಲ, ಬಲು ದಪ್ಪ, ಕಬ್ಬಿಣದಷ್ಟು ಭಾರ. ನಡುವೆ ನುಣ್ಣಗೆ ತಗ್ಗಾಗಿ ಸವೆದಿತ್ತು, ಎರಡೂ ತುದಿಗೆ ಒಂದೊಂದು ದುಂಡನೆಯ ಕುಣಿ ಇತ್ತು. ಈ ಕುಣಿ ಯಾಕೆ ಎಂದು ಕೇಳಿದೆ. ಗಾಳಿ ಆಡಲಿ ಎಂದು ಹಿಂದಿನವರು ಕೊರೆದದ್ದು, ಉತ್ತಮ ಮರದ ಗುರುತೇ ಅದು ಎಂದು ಭಾವ ವಿವರಿಸಿದರು. ನಾನು ತಲೆಯಾಡಿಸಿದೆ. ಹಲಗೆಗಳು ಟೆಂಪೋ ಏರಿ ನಾಶಿಕಕ್ಕೆ ಬಂದವು.

ಮಿಸ್ತ್ರಿ ಆ ದೊಡ್ಡ ಹಲಗೆಯನ್ನು ಡೆಕ್ಕಿನ ನಡುವೆ, ಕಾಂಪೌಂಡ್ ಗೋಡೆಯಿಂದ ನೀರಿನ ಟಾಕಿಯವರೆಗೆ ಅಡ್ಡಕ್ಕೆ ಕೂರಿಸಿದ. ಈ ಕಡೆ ಬಾಗಿಲು ಮತ್ತು ನೆರಳು, ಆ ಕಡೆ ಬಿಸಿಲು. ಮೊದಲ ದಿನ ಅವ್ವ ಅದರ ಮೇಲೆ ನೀರು ಸುರಿದು ತೊಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ತೊಳೆದ ನೀರು ಹಳದಿಯಾಗಿ ಹರಿಯುತ್ತಿತ್ತು. ಅರಿಶಿಣ! ಯಾವ ಕಾಲದ ಯಾವ ಹೆಂಗಸರು ಹಚ್ಚಿದ್ದೋ, ಮರದ ಎಳೆಯೊಳಗೆ ಇಳಿದು ಕೂತಿತ್ತು. ಅವ್ವ ಎರಡೂ ತುದಿಯ ಕುಣಿಗಳಿಗೆ ಬೆರಳು ಹಾಕಿ ನೋಡಿದಳು. ಅವು ಗಾಳಿಗೆ ಕೊರೆದವಲ್ಲ, ಹಳೆಯ ಕದಗಳು ತಿರುಗುತ್ತಿದ್ದ ಕುಣಿಗಳು.

"ಯಪ್ಪಾ, ಇದು ಹಲಗಿ ಅಲ್ಲೋ," ಎಂದಳು ಅವ್ವ. "ಯಾರದೋ ಮನಿ ಹೊಸ್ತಿಲ ಅದ."

ಅಂದಿನಿಂದ ನಮ್ಮ ಹಿತ್ತಲು ಎರಡು ದೇಶವಾಯಿತು. ಹೊಸ್ತಿಲು ತುಳಿಯಬಾರದು, ಅದರ ಮೇಲೆ ಕೂಡಬಾರದು, ಆಚೆ ನಿಂತು ಈಚೆಯವರಿಗೆ ಏನನ್ನೂ ಕೊಡಬಾರದು. ನಾನು ಬಿಸಿಲಲ್ಲಿ ಕೂತು ಚಹಾ ಬೇಕೆಂದರೆ ಹೆಂಡತಿ ಕಪ್ಪು ಹಿಡಿದು ಹಲಗೆ ಹಾರಿ ಬರಬೇಕು, ಇಲ್ಲವೇ ನಾನು ಹಾರಿ ಹೋಗಬೇಕು. ಚಹಾದ ಅರ್ಧ ಡೆಕ್ಕೇ ಕುಡಿಯುತ್ತಿತ್ತು. ನಾನೊಮ್ಮೆ ಹಾರುತ್ತಾ ಸೀನಿದೆ. ಅವ್ವ ನನ್ನನ್ನು ಒಳಗೆ ಕರೆದು ಕೂರಿಸಿ, ನೀರು ಕುಡಿಸಿ, ಮತ್ತೆ ಹಾರಲು ಕಳಿಸಿದಳು. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಅದಕ್ಕೆ ಬಾರ್ಡರ್ ಎಂದು ಹೆಸರಿಟ್ಟಳು. ಅವ್ವ ಮಾತ್ರ ದಿನಾ ಅದಕ್ಕೆ ಅರಿಶಿಣ ಕುಂಕುಮ ಹಚ್ಚಿ, ರಂಗೋಲಿ ಎಳೆದು, ಈಚೆಯ ನೆರಳಿನಲ್ಲಿ ಶಾಲು ಹೊದ್ದು ಕೂಡುತ್ತಿದ್ದಳು. ಅಷ್ಟಗಲದ ಹಲಗೆ ದಾಟುವಷ್ಟು ದೊಡ್ಡ ಹೆಜ್ಜೆ ಅವಳ ಮೊಣಕಾಲಿಗೆ ಬರುತ್ತಿರಲಿಲ್ಲ. ಒಂದು ದಿನ ನಾನೂ ಹೆಂಡತಿಯೂ ಅತ್ತಿತ್ತ ಹಿಡಿದು ಅಲಮಾರಿ ಎತ್ತಿದ ಹಾಗೆ ಎತ್ತಿ ದಾಟಿಸಲು ಹೋದೆವು. ನಡುವೆ ನನಗೆ ನಗು ಬಂತು, ಹೆಂಡತಿಗೂ ಬಂತು. ಅವ್ವ ಗಾಳಿಯಲ್ಲಿ ತೂಗಾಡುತ್ತಾ ತನ್ನನ್ನು ಇಳಿಸಿರೆಂದು ಬೈದಳು.

ಆ ಹಲಗೆಯನ್ನು ಕಿತ್ತುಹಾಕುತ್ತೇನೆ ಎಂದೆ. ಇಟ್ಟ ಹೊಸ್ತಿಲನ್ನು ಕೀಳಬಾರದಂತೆ. ಮಗುಚಿ ಹಾಕೋಣ ಎಂದು ಮಿಸ್ತ್ರಿ ಹೇಳಿದ. ಬೋರಲು ಹಾಕುವುದು ಅದಕ್ಕಿಂತ ಕೇಡಂತೆ. ಇವೆಲ್ಲಕ್ಕಿಂತ ಮಿಗಿಲಾಗಿ, ಅಳಿಯ ಆರಿಸಿಕೊಟ್ಟದ್ದನ್ನು ತೆಗೆದರೆ ಅಳಿಯನಿಗೆ ಅವಮಾನ. ನನಗೆ ರೇಗಿಹೋಯಿತು. ಇಷ್ಟೆಲ್ಲ ಹಾಸಿದ್ದು ಯಾರ ಸಲುವಾಗಿ ಎಂದು ಕೂಗಾಡಿದೆ.

"ಬಿಸಲಿನ ಆಸೇಕ್ಕ ಹೊಸ್ತಿಲ ತುಳೀಲೇನು?" ಎಂದಳು ಅವ್ವ. ಹಾಗೆನ್ನುವಾಗಲೂ ಕಣ್ಣು ಆಚೆಯ ಬಿಸಿಲಿನ ಮೇಲೇ ಇತ್ತು. ಕೂಗಾಡಿದ್ದಕ್ಕೆ ನನಗೇ ಕೆಟ್ಟದೆನಿಸಿತು.

ಅಷ್ಟರಲ್ಲಿ ಅಕ್ಕ, ಭಾವ ಬರುತ್ತಾರೆಂದು ಸುದ್ದಿ ಬಂತು. ನಾನು ಒಳಗೊಳಗೇ ಹಿಗ್ಗಿದೆ. ಸಾಗವಾನಿ ತಿಂದು ಹೊಸ್ತಿಲು ಆರಿಸಿದ ಮಹಾಶಯರಿಗೆ ಹೇಳಲು ನಾಲ್ಕು ಮಾತು ಸಿದ್ಧ ಮಾಡಿಟ್ಟುಕೊಂಡೆ. ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಅಳಿಯನ ಮುಂದೆ ಹೊಸ್ತಿಲಿನ ಸುದ್ದಿ ಎತ್ತಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡು, ಅವರು ಬರುವ ಮುಂಚೆ ಅರಿಶಿಣ, ಕುಂಕುಮ, ರಂಗೋಲಿ ಎಲ್ಲವನ್ನೂ ತಾನೇ ತಿಕ್ಕಿ ತೊಳೆದಳು.

ಸಂಜೆ ಭಾವ ಚಹಾದ ಕಪ್ಪು ಬಸಿ ಹಿಡಿದು ಹಿತ್ತಲಿಗೆ ನಡೆದರು. ಎಲ್ಲರೂ ಹಿಂದೆ ಹೋದೆವು. ಅವರು ನೇರ ಹೋಗಿ ಆ ಹಲಗೆಯ ನಟ್ಟನಡುವೆ ಕಾಲು ಚಾಚಿ ಕುಳಿತುಬಿಟ್ಟರು. ಅದೂ ದೀಪ ಹಚ್ಚುವ ಹೊತ್ತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವನ ಸ್ಥಿತಿ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರದು. ಉಗುಳಿದರೆ ಅಳಿಯನಿಗೆ ಬುದ್ಧಿ ಹೇಳಿದ ಹಾಗಾಯಿತು, ನುಂಗಿದರೆ ಹೊಸ್ತಿಲಿನ ಗತಿಯೇನು? ಭಾವ ಸೊರ್ ಎಂದು ಚಹಾ ಹೀರಿ, ಪಕ್ಕದಲ್ಲಿ ಗೆಣ್ಣಿನಿಂದ ಎರಡು ಸಲ ಬಡಿದರು.

"ನೋಡ್ರಿ ಅತ್ತೀ, ಎಂಥಾ ಹಲಗಿ ಆರಿಸೇನಿ."

ಅವ್ವ ಆ ಹಲಗೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಆಮೇಲೆ ತಲೆ ಮೇಲಿನ ಸೆರಗು ಸರಿಮಾಡಿಕೊಂಡು, "ಹೌದ್ರಿ, ಹಲಗಿ ಭಾಳ ಛಲೋ ಅದ," ಎಂದಳು.

ಮರುದಿನ ನಸುಕಿನಲ್ಲೇ ಭಾವನೂ ಅಕ್ಕನೂ ಊರಿಗೆ ಹೊರಟರು. ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಹಿತ್ತಲಿಗೆ ಕಣ್ಣು ಹಾಯಿಸಿದೆ. ಹಲಗೆಯ ಮೇಲೆ ಅರಿಶಿಣವಿಲ್ಲ, ರಂಗೋಲಿಯಿಲ್ಲ. ಆಚೆಯ ತುದಿಯಲ್ಲಿ ಅವ್ವ ಕುರ್ಚಿಯಲ್ಲಿ ಕೂತಿದ್ದಾಳೆ. ಶಾಲು ತೆಗೆದು ತೊಡೆಯ ಮೇಲೆ ಮಡಿಸಿಟ್ಟುಕೊಂಡಿದ್ದಾಳೆ. ಎರಡೂ ಮೊಣಕಾಲು ಬಿಸಿಲಿಗೆ ಒಡ್ಡಿದ್ದಾಳೆ.

ಹೇಗೆ ದಾಟಿದೆ ಎಂದು ಕೇಳಿದೆ.

"ದಾಟೂದೇನದ, ನಡಕೋತ ಬಂದೆ," ಎಂದಳು. "ಅಳಿಯಾರೇ ಹಲಗಿ ಅಂದ ಮ್ಯಾಲ ಅದಕ್ಕ ಹೊಸ್ತಿಲ ಅನ್ಲಿಕ್ಕ ನಾ ಯಾರು? ಕುರ್ಚಿ ಅದರ ಮ್ಯಾಲ ಸರಸು, ಬಿಸಲು ಆಕಡಿ ಹೊಂಟದ."