ಎದುರು ಬಸ್ಸಿನ ಕೈಸನ್ನೆ

ನಾವು ದುಡಿಯುತ್ತಿದ್ದ ಖಾಸಗಿ ಬಸ್ಸಿಗೆ ನನ್ನ ಸೋದರಮಾವ ಡ್ರೈವರ್, ನಾನು ಕಂಡಕ್ಟರ್. ಚನ್ನಗಿರಿಯಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿ. ನನಗೂ ಹೆವಿ ಲೈಸೆನ್ಸ್ ಇತ್ತು; ಗಾಡಿ ಕಲಿಸಿದವರೇ ಮಾವ. ಆದರೆ ಸ್ಟೇರಿಂಗ್ ಅವರದು, ಟಿಕೆಟ್ ಬ್ಯಾಗು ನನ್ನದು. ಅದರ ಬಗ್ಗೆ ತಕರಾರಿರಲಿಲ್ಲ.

ಆರ್‌ಟಿಒ ಆಫೀಸಿನ ಬ್ರೇಕ್ ಇನ್‌ಸ್ಪೆಕ್ಟರ್ ಎಲ್ಲಿ ಜೀಪು ನಿಲ್ಲಿಸಿಕೊಂಡು ಲೈಸೆನ್ಸ್ ಕೇಳುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ. ಜಗಳೂರಿನ ಕಡೆ ಇದ್ದಾರಂತೆ ಎಂದು ನಿರಾಳವಾಗಿದ್ದರೆ ಸೂಳೆಕೆರೆ ಏರಿಯ ಮೇಲೆ ಪ್ರತ್ಯಕ್ಷ. ವಾಟ್ಸಾಪ್ ಗುಂಪಿದೆ, ನಿಜ. ಗಾಡಿ ಓಡಿಸುವವನು ಅದನ್ನು ನೋಡುತ್ತಾ ಕೂರುವುದಕ್ಕಾಗುತ್ತದೆಯೇ? ಅದಕ್ಕೇ ನಮ್ಮಲ್ಲೊಂದು ರೂಢಿ. ಎದುರು ಬರುವ ಬಸ್ಸಿನ ಡ್ರೈವರ್ ಅಂಗೈಯನ್ನು ತಲೆಯ ಮೇಲಿಟ್ಟು ತೋರಿಸಿದರೆ ಮುಂದೆ ಟೋಪಿಯವರು ನಿಂತಿದ್ದಾರೆ ಎಂದರ್ಥ. ಕಂಡ ಕೂಡಲೇ ಮಾವ ಸೀಟಿನ ಹಿಂದೆ ನೇತುಹಾಕಿದ ಖಾಕಿ ಅಂಗಿಯನ್ನು ಎಳೆದು ತೊಟ್ಟುಕೊಳ್ಳುತ್ತಿದ್ದರು. ಸೆಕೆಗೆ ಬನಿಯನ್ನಿನಲ್ಲೇ ಓಡಿಸುವ ಮನುಷ್ಯ ಸಾಹೇಬರ ಮುಂದೆ ಮದುಮಗನ ಹಾಗೆ ಕೂರುವುದನ್ನು ನೋಡಿ ನನಗೆ ನಗು.

ಆ ಮಧ್ಯಾಹ್ನ ಹೊನ್ನಾಳಿ ದಾಟಿ ನ್ಯಾಮತಿ ಕಡೆ ಹೊರಟಿದ್ದೆವು. ನಾನು ಮುಂದಿನ ಬಾಗಿಲಲ್ಲಿದ್ದೆ. ಎದುರು ಬಸ್ಸು ಬಂತು. ಅದರ ಡ್ರೈವರ್ ತಲೆಯ ಮೇಲೆ ಕೈಯಿಟ್ಟ. ಸಾಲದೆಂದು ತಟ್ಟಿಕೊಂಡು ತೋರಿಸಿದ. ಮಾವ ಅಂಗಿಗೆ ಕೈ ಹಾಕಲೇ ಇಲ್ಲ.

"ಮಾವ, ಕೈ ತೋರಿಸಿದ್ನಲ್ರೀ?"

"ಯಾರಲೇ?"

ಪಕ್ಕದಲ್ಲೇ ಹಾದುಹೋದವನು ಅವರಿಗೆ ಕಂಡಿರಲಿಲ್ಲ. ಮೊನ್ನೆ ನಿಂತ ಟ್ರ್ಯಾಕ್ಟರನ್ನು ಸವರಿಕೊಂಡು ಹೋದದ್ದು, ಸೂರಗೊಂಡನಕೊಪ್ಪದ ಹತ್ತಿರ ಕೈಯೆತ್ತಿ ನಿಂತ ಹೆಂಗಸನ್ನು ಬಿಟ್ಟು ಬಂದದ್ದು, ಎಲ್ಲ ಆಗ ಅರ್ಥವಾಯಿತು. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ದುಃಖವೂ ಆಗಲಿಲ್ಲ. ಬಾಗಿಲ ಕಂಬಿ ಹಿಡಿದು ಮುಂದಿನ ರಸ್ತೆಯನ್ನೇ ನೋಡುತ್ತಾ ನಿಂತೆ.

ಮಾವ ಅಂಗಿ ಎಳೆದುಕೊಳ್ಳುವ ಮೊದಲೇ ಜೀಪು ಎದುರಾಯಿತು. ಸಾಹೇಬರು ಮಾವನ ಲೈಸೆನ್ಸನ್ನು ತಿರುಗಿಸಿ ನೋಡಿದರು. ವಾಯಿದೆ ಇನ್ನೂ ಇತ್ತು.

"ಲೈಸೆನ್ಸ್ ಸರಿ ಐತೆ. ಯೂನಿಫಾರಂ ಯಾಕಿಲ್ಲ? ಹಾಕ್ಕೊಂಡು ಓಡಿಸ್ರಿ," ಎಂದು ಗದರಿಸಿ ಬಿಟ್ಟರು.

ಮಾವ ಅಂಗಿ ತೊಟ್ಟು, ಗುಂಡಿ ಹಾಕಿ, ಗಾಡಿ ಸ್ಟಾರ್ಟ್ ಮಾಡಿದರು. "ರೈಟ್ ಹೇಳಲೇ," ಅಂದರು.

ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಬಸ್ಸು ತುಂಬ ಜನ, ಹೆಚ್ಚಿನವರು ದಿನಾ ಬರುವವರು, ಮಾವನನ್ನು ನಂಬಿ ಕೂತವರು. ಮಾವನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂದು ಅವರ ಮುಂದೆ ಹೇಳುವುದು ಹೇಗೆ? ಹೇಳದೆ ಇರುವುದು ಹೇಗೆ? ಹತ್ತಿರ ಹೋಗಿ ಬಗ್ಗಿದೆ.

"ಮಾವ, ಇಳೀರಿ. ನಾನು ಓಡಿಸ್ತೀನಿ."

"ಸಾಹೇಬ್ರೇ ಬಿಟ್ಟಾರಲ್ಲೋ."

"ಅವರೇನೋ ಬಿಟ್ಟಾರೆ ಮಾವ."

ನನ್ನ ಮುಖವನ್ನೇ ದಿಟ್ಟಿಸಿದರು. ಅದಾದರೂ ಎಷ್ಟು ಕಾಣುತ್ತಿತ್ತೋ. ಆಮೇಲೆ ಎದ್ದು, ನನ್ನ ಹೆಗಲಿನಿಂದ ಟಿಕೆಟ್ ಬ್ಯಾಗು ತೆಗೆದುಕೊಂಡರು.

ನಾನು ಕೂತೆ. ಸೀಟು ಇನ್ನೂ ಬಿಸಿಯಾಗಿತ್ತು. ಮಾವ ಕಂಬಿಗಳನ್ನು ತಡವುತ್ತಾ ಹಿಂದಿನ ಬಾಗಿಲಿನವರೆಗೂ ಹೋಗುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಗೇರ್ ಹಾಕಿಕೊಂಡು ಕಾದೆ. ನನಗೆ ಗಾಡಿ ಕಲಿಸಿದವರು ಅಲ್ಲಿಂದ ಕೂಗಿದರು: "ರೈಟ್!"