ಕತ್ತರಿಯಕ್ಕನ ಯುದ್ಧಾಭ್ಯಾಸ

ಕೈ ನಡುಗುವವರ ಕೈಯಿಂದ ಜನ ಮೊದಲು ಕಿತ್ತುಕೊಳ್ಳುವುದು ಚಾಕುವನ್ನು. ಆಮೇಲೆ ಬಿಸಿ ಪಾತ್ರೆ, ಆಮೇಲೆ ಬೀಗದ ಕೈ, ಕೊನೆಗೆ ಮನೆಯ ವಿಷಯದಲ್ಲಿ ಆಡುವ ಮಾತನ್ನೂ. ಇದನ್ನು ಕತ್ತರಿಯಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಹೊಲಿಯುವವರು ನಾಲ್ಕೈದು ಜನ ಇದ್ದರೂ ಕತ್ತರಿ ಹಿಡಿಯುವವಳು ಅವಳೊಬ್ಬಳೇ, ಅದಕ್ಕೇ ಆ ಹೆಸರು. ಕೋಟಿನ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ತೋಳಿನ ಸುತ್ತನ್ನು ಒಂದೇ ಉಸಿರಿಗೆ ಕತ್ತರಿಸಿ ಇಳಿಸಿಬಿಡುತ್ತಿದ್ದಳು. ಒಂದು ದಿನ ಬಲಗೈ ನಡುಗಿತು. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಎಂದುಕೊಂಡಳು. ಅದು ನಿಲ್ಲಲೇ ಇಲ್ಲ. ಡಾಕ್ಟರು ನರದ ತೊಂದರೆ ಎಂದರು, ಮಾತ್ರೆ ಬರೆದರು, ಪೂರ್ತಿ ಹೋಗುವಂಥದ್ದಲ್ಲ ಎಂದೂ ಹೇಳಿದರು. ಯಾರದೋ ಒಳ್ಳೆಯ ಬಟ್ಟೆ ಅಡ್ಡಾದಿಡ್ಡಿ ಕತ್ತರಿಸಿಹೋದ ಮೇಲೆ ಅಂಗಡಿಯ ಯಜಮಾನ ಬಹಳ ನಯವಾಗಿ, "ಇನ್ಮೇಲೆ ಮನೇಲಿ ಆರಾಮಾಗಿರಿ ಅಕ್ಕ" ಎಂದ. ಕತ್ತರಿಸುವ ಹಳೆಯ ಮೇಜನ್ನೂ ಉಡುಗೊರೆಯಾಗಿ ಕಳಿಸಿಕೊಟ್ಟ. ಆರಾಮ ಎಂಬ ಮಾತು ಕಿವಿಗೆ ಬಿದ್ದರೆ ಅವಳಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮದುವೆಯ ಗೊಡವೆಗೆ ಹೋದವಳಲ್ಲ. ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ವಾಸ. ತಮ್ಮ ಕನ್ನಡಕದ ಅಂಗಡಿ ನಡೆಸುತ್ತಾನೆ, ಒಳ್ಳೆಯವನು, ಅವನ ಹೆಂಡತಿ, ಇವಳ ನಾದಿನಿ, ಅವಳೂ ಒಳ್ಳೆಯವಳು. ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವರಾದರೆ ಜಗಳವಾದರೂ ಆಡಬಹುದಿತ್ತು. ಅವಳು ಈರುಳ್ಳಿ ಹೆಚ್ಚಲು ಕೂತರೆ ನಾದಿನಿ ನಗುನಗುತ್ತಲೇ ಚಾಕು ತೆಗೆದುಕೊಳ್ಳುತ್ತಾಳೆ. ಚಹಾ ಕೊಡುವಾಗ ಕಪ್ಪಿಗೆ ಅರ್ಧ ಮಾತ್ರ ಸುರಿಯುತ್ತಾಳೆ, ಚೆಲ್ಲದಿರಲಿ ಎಂದು. ಅರ್ಧ ಕಪ್ಪು ಕುಡಿದು ಕುಡಿದು ಕತ್ತರಿಯಕ್ಕನಿಗೆ ತಾನೇ ಅರ್ಧವಾದ ಹಾಗೆ ಅನಿಸತೊಡಗಿತ್ತು.

ತಮ್ಮನಿಗೆ ಒಂದು ಹುಚ್ಚಿತ್ತು. ಆಕಾಶದಲ್ಲಿ, ಗ್ರಹಗಳ ನಡುವೆ ಹಡಗು ಓಡಿಸುವ ಆನ್‌ಲೈನ್ ಆಟ. ಅದರಲ್ಲಿ ಅವನದೊಂದು ದಳ, ಅವನೇ ಅದರ ನಾಯಕ. ಮನೆಯಲ್ಲಿ ಕಿಟಕಿ ಪರದೆಯ ಬಣ್ಣ ಆರಿಸುವ ಅಧಿಕಾರವೂ ಇಲ್ಲದ ಮನುಷ್ಯ ಅಲ್ಲಿ ಹೆಡ್‌ಫೋನು ಹಾಕಿಕೊಂಡು ಹಡಗಿನ ಹಿಂಡನ್ನೇ ಆಳುತ್ತಿದ್ದ. ಅಕ್ಕ ಸುಮ್ಮನೆ ಗೋಡೆ ನೋಡುತ್ತ ಕೂರುವುದು ಕಂಡು ಅವಳಿಗೂ ಒಂದು ಹಳೆಯ ಕಂಪ್ಯೂಟರ್ ತಂದು ಅಂಗಡಿಯಿಂದ ಬಂದ ಆ ಮೇಜಿನ ಮೇಲಿಟ್ಟ. ಆಟದಲ್ಲಿ ಅವಳ ಪೈಲಟ್ಟಿಗೆ 'ಕತ್ತರಿ' ಎಂದೇ ಹೆಸರಿಟ್ಟ.

ಆ ಆಟದ ವರಸೆ ಬೇರೆ. ಹಡಗು ನಡೆಸಲು, ಗುರಿ ಹಿಡಿಯಲು, ಒಂದೊಂದಕ್ಕೂ ಒಂದು ವಿದ್ಯೆ ಬೇಕು. ಯಾವುದು ಬೇಕೋ ಅದನ್ನು ಸಾಲಿಗೆ ಹಾಕಿದರೆ ಆಯಿತು, ನೀವು ಉಂಡರೂ ಮಲಗಿದರೂ ಅದರ ಪಾಡಿಗೆ ಅದು ಕಲಿಕೆ ಸಾಗುತ್ತಿರುತ್ತದೆ. ಆದರೆ ಒಂದು ಸಲಕ್ಕೆ ಒಂದೇ. ಹಾಗಾಗಿ ಹೊಸಬರು ಮೊದಲ ದಿನಗಳಲ್ಲಿ ಸಾಲಿಗೆ ಏನು ಹಾಕುತ್ತಾರೋ ಅದೇ ಅವರ ಹಣೆಬರಹ. ಕತ್ತರಿಯಕ್ಕ ಕೈತೊಳೆದು ಬರುವಷ್ಟರಲ್ಲಿ ತಮ್ಮ ಅವಳ ಹಣೆಬರಹ ಬರೆದು ಮುಗಿಸಿದ್ದ.

"ಇದೇನೋ ಇದು? ಬರೀ ಕಲ್ಲು ಒಡೆಯೋದು?"

"ಗಣಿ ಕೆಲಸ ಅಕ್ಕ. ಒಂದು ಕಡೆ ನಿಂತ್ಕೊಂಡು ಕಲ್ಲು ಒಡೀತಾ ಇರು. ಅಪಾಯ ಇಲ್ಲ, ಆರಾಮ."

ನೋಡಿ, ಆ ಮಾತು ಆಡಬಾರದಿತ್ತು. ಅವಳು ಅವನ ಎದುರಿಗೇ ಆ ಸಾಲನ್ನು ಪೂರ್ತಿ ಅಳಿಸಿದಳು. "ನಾನು ಜಗಳಕ್ಕೆ ಹೋಗ್ತೀನಿ" ಎಂದಳು.

"ಜಗಳ ಅಂದ್ರೆ ಕೈ ಓಡಬೇಕು ಅಕ್ಕ. ನಿನ್ನ ಕೈ..." ಎಂದು ಅವನು ಅರ್ಧಕ್ಕೇ ನಿಲ್ಲಿಸಿದ.

"ನನ್ನ ಕೈ ನನ್ನ ಹತ್ರಾನೇ ಇದೆ. ನೀನು ಹೋಗಿ ನಿನ್ನ ಕೆಲಸ ನೋಡ್ಕೋ."

ಹಟ ಮಾಡಿದಳು ಸರಿ, ಆದರೆ ಹೊಸಬರೆಲ್ಲ ಮಾಡುವ ತಪ್ಪನ್ನೇ ಮಾಡಿದಳು. ಯುದ್ಧ ಎಂದರೆ ತೋಪು ಎಂದುಕೊಂಡು ತೋಪಿನ ವಿದ್ಯೆಗಳನ್ನೇ ಒಂದರ ಹಿಂದೆ ಒಂದು ಹಾಕಿದಳು. ಕೆಲವು ದಿನ ಕಳೆದು, ದೊಡ್ಡ ತೋಪು ಕಟ್ಟಿಕೊಂಡು ದಳದ ಜೊತೆ ಹೊರಟಳು. ಆ ಹೊತ್ತಿಗೆ ಕರಿಮೋಡ ಬಂದ. ಇವನೊಬ್ಬ ದರೋಡೆಕೋರ, ನಿಜದಲ್ಲಿ ಯಾರೋ ಎಲ್ಲಿಯವನೋ ಗೊತ್ತಿಲ್ಲ. ದಳದ ಸರಕಿನ ಹಡಗನ್ನು ಹೊಡೆದು ದೋಚಿ, ಉಳಿದವರು ಬಂದು ಮುಟ್ಟುವಷ್ಟರಲ್ಲಿ ಬೇರೆ ನಕ್ಷತ್ರಕ್ಕೆ ಜಿಗಿದು ಮಾಯವಾಗುತ್ತಿದ್ದ. ಕತ್ತರಿಯಕ್ಕ ಅವನಿಗೆ ಗುರಿಯಿಟ್ಟಳು. ಮೌಸಿನ ಮೇಲೆ ಕೈ ಅದುರಿತು, ಗುರಿ ತೆರೆಯ ಪಟ್ಟಿಯಲ್ಲಿ ಪಕ್ಕದ ಹೆಸರಿಗೆ ಜಾರಿತು, ತೋಪುಗಳೆಲ್ಲ ತಮ್ಮದೇ ಸರಕಿನ ಹಡಗಿನ ಮೇಲೆ ಸಿಡಿದವು. ಕರಿಮೋಡ ಬಾಕಿ ಬಿಟ್ಟಿದ್ದನ್ನು ಅವಳು ಮುಗಿಸಿದಳು.

ಆ ಸರಕಿನ ಹಡಗು ಲಾರಿಯವನದು. ದಿನವಿಡೀ ರಸ್ತೆಯಲ್ಲಿ ಲಾರಿ ಓಡಿಸಿ, ಬಿಡುವು ಸಿಕ್ಕರೆ ಆಟದಲ್ಲೂ ಲಾರಿಯನ್ನೇ ಓಡಿಸುವ ಪುಣ್ಯಾತ್ಮ. ಪಾಪ, ಅವನು ಬೈಯಲಿಲ್ಲ. "ಪರವಾಗಿಲ್ಲ ಬಿಡಿ ಅಕ್ಕ, ಕೈ ಸರಿ ಇಲ್ವಲ್ಲ ನಿಮ್ದು" ಎಂದ. ಇಡೀ ದಳ ಕೇಳಿಸಿಕೊಂಡಿತು. ಕತ್ತರಿಯಕ್ಕನಿಗೆ ಅವನು ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ತಮ್ಮ ಬಾಗಿಲಲ್ಲಿ ಬಂದು ನಿಂತ. ಆಟದ ದನಿಯಲ್ಲ, ಮನೆಯ ದನಿಯಲ್ಲೇ ಹೇಳಿದ. "ಇನ್ನೊಂದು ಸಲ ನಮ್ಮವರ ಮೇಲೆ ಬಿದ್ರೆ ನಿನ್ನನ್ನ ದಳದಿಂದ ತೆಗೀಬೇಕಾಗುತ್ತೆ ಅಕ್ಕ. ಬೇಜಾರು ಮಾಡ್ಕೋಬೇಡ. ಕಲ್ಲು ಒಡೆಯೋದಾದ್ರೆ ಯಾವಾಗ ಬೇಕಾದ್ರೂ ಬಾ."

ಅಂಗಡಿಯ ಯಜಮಾನನೂ ಇಷ್ಟೇ ನಯವಾಗಿ ಹೇಳಿದ್ದ. ಅವತ್ತು ಅವಳು ತಲೆತಗ್ಗಿಸಿ ಚೀಲ ಎತ್ತಿಕೊಂಡು ಬಂದಿದ್ದಳು. ಈ ಸಲ ತಲೆತಗ್ಗಿಸಲು ಅವಳಿಗೆ ಮನಸ್ಸಿರಲಿಲ್ಲ. ಇದೂ ಕೈಬಿಟ್ಟರೆ ಉಳಿಯುವುದು ಗೋಡೆ ಮತ್ತು ಅರ್ಧ ಕಪ್ಪು ಚಹಾ.

ಮರುದಿನ ಬೆಳಗ್ಗೆ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ ಮೇಜಿನ ಮುಂದೆ ನಿಂತಳು. ಕೈಯಲ್ಲಿ ಹಳೆಯ ಸೀಮೆಸುಣ್ಣ. ಬಟ್ಟೆ ಕತ್ತರಿಸುವವರು ಮೊದಲು ಬಟ್ಟೆ ಎಷ್ಟಿದೆ ನೋಡುತ್ತಾರೆ, ಆಮೇಲೆ ಯಾವ ಉಡುಪು ಎಂದು ಯೋಚಿಸುತ್ತಾರೆ. ಅವಳ ಹತ್ತಿರ ಇದ್ದ ಬಟ್ಟೆ ಇಷ್ಟು: ನಡುಗುವ ಒಂದು ಕೈ, ಚೋಟುದ್ದದ ಹಡಗು, ಬೇಕಾದಷ್ಟು ಸಿಟ್ಟು. ಚುರುಕಾಗಿ ಗುರಿಯಿಡುವುದು ಇದರಲ್ಲಿ ಆಗದ ಮಾತು. ಹಾಗಾದರೆ ಗುರಿಯಿಡುವ ಕೆಲಸ ಬೇರೆಯವರು ಮಾಡಲಿ. ದಳದಲ್ಲಿ ತೋಪಿಗೇನು ಬರವೇ? ಎಲ್ಲರ ಹತ್ತಿರವೂ ಇದೆ, ಆದರೂ ಕರಿಮೋಡ ಪ್ರತಿ ಸಲ ಜಿಗಿದು ಹೋಗುತ್ತಾನೆ. ಅಲ್ಲಿ ಇಲ್ಲದ್ದು ಅವನನ್ನು ಹಿಡಿದು ನಿಲ್ಲಿಸುವವರು.

ಆಟದಲ್ಲಿ ಅದಕ್ಕೆಂದೇ ಒಂದು ಯಂತ್ರವಿತ್ತು, ದಳದವರು ಕೊಕ್ಕೆ ಎನ್ನುತ್ತಿದ್ದರು. ಹತ್ತಿರ ಹೋಗಿ ಹಾಕಿದರೆ ಶತ್ರುವಿನ ಇಂಜಿನ್ನು ಕಟ್ಟಿಹೋಗಿ ಜಿಗಿಯಲಾಗುವುದಿಲ್ಲ. ಆದರೆ ಹಾಕಿದವರು ಪಕ್ಕದಲ್ಲೇ ಇದ್ದು ಪೆಟ್ಟು ತಿನ್ನಬೇಕು, ಅದಕ್ಕೇ ಯಾರಿಗೂ ಬೇಡವಾಗಿತ್ತು. ಕತ್ತರಿಯಕ್ಕ ಕಲಿಯಬೇಕಾದ ಸಾಲನ್ನು ಮೇಜಿನ ಮೇಲೆ ಸೊಟ್ಟ ಅಕ್ಷರದಲ್ಲಿ ಬರೆಯತೊಡಗಿದಳು. ಮೊದಲು ಇಂಜಿನ್ನಿನ ವೇಗ, ದೊಡ್ಡ ಹಡಗಿನ ತೋಪು ತಿರುಗುವುದರೊಳಗೆ ತಾನು ಮುಂದೆ ಹೋಗಿರಬೇಕು. ಆಮೇಲೆ ವಿದ್ಯುತ್ತು ಉಳಿಸುವ ವಿದ್ಯೆ, ವಿದ್ಯುತ್ತು ಮುಗಿದರೆ ಕೊಕ್ಕೆ ಕಳಚುತ್ತದೆ. ಅದಾದ ಮೇಲೆ ಕೊಕ್ಕೆ, ಅದರ ಕೆಳಗೆ ಹಡಗಿನ ಕವಚ. ತೋಪನ್ನು ಕಟ್ಟಕಡೆಗೆ, ಮೇಜಿನ ಅಂಚಿಗೆ ತಳ್ಳಿದಳು.

ತಮ್ಮ ಬಂದು ಓದಿ ನಕ್ಕ. "ಯುದ್ಧಕ್ಕೆ ಹೋಗೋರು ತೋಪು ಕೊನೇಗೆ ಕಲಿಯೋದಾ? ಕರಿಮೋಡ ನಿನ್ನ ಹಡಗನ್ನ ಊದಿಬಿಡ್ತಾನೆ ಅಕ್ಕ."

"ಊದಲಿ. ಇನ್ನೊಂದು ತಗೊಂಡು ಬರ್ತೀನಿ. ಅಷ್ಟು ಚಿಕ್ಕದಕ್ಕೆ ಯಾರು ಅಳ್ತಾರೆ?"

ಕೈಗೂ ಒಂದು ದಾರಿ ಮಾಡಿದಳು. ಮೌಸು ಎತ್ತಿ ಡಬ್ಬದೊಳಗೆ ಹಾಕಿದಳು. ಕೀಲಿಮಣೆಯಲ್ಲಿ ಹತ್ತಿರದ ಶತ್ರುವನ್ನು ಹಿಡಿಯುವ ಕೀಲಿ, ಅವನ ಸುತ್ತ ತಾನಾಗಿ ಗಿರಕಿ ಹೊಡೆಸುವ ಕೀಲಿ, ಕೊಕ್ಕೆಯ ಕೀಲಿ, ಈ ಮೂರರ ಮೇಲೂ ಕೋಟಿನ ದಪ್ಪ ಗುಂಡಿಗಳನ್ನು ಅಂಟಿಸಿದಳು. ಬೆರಳು ಎಷ್ಟೇ ಅದುರಲಿ, ಗುಂಡಿ ಯಾವುದೆಂದು ಅದಕ್ಕೆ ಚೆನ್ನಾಗಿ ಗೊತ್ತು. ತೆರೆಯ ಮೇಲಿನ ಹೆಸರುಗಳಲ್ಲಿ ತಮ್ಮವರು ಕಾಣದ ಹಾಗೆ ಮಾಡಿದಳು. ಆಮೇಲೆ ಕಾದಳು. ತಮ್ಮ ದೊಡ್ಡ ಹಡಗಿನ ಆಸೆ ತೋರಿಸಿದ, ಸಾಲು ಬದಲಿಸು ಎಂದು ಕಿವಿ ತಿಂದ. ಅವಳು ಜಗ್ಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಲಾರಿಯವನು ಸರಕು ತುಂಬಿಕೊಂಡು ಹೊರಟಿದ್ದ. ಕತ್ತರಿಯಕ್ಕ ಅವನ ಹಿಂದೆ ಸ್ವಲ್ಪ ದೂರದಲ್ಲಿದ್ದಳು. ತಮ್ಮ ಪಕ್ಕದ ಕೋಣೆಯಲ್ಲಿ, ಆಟದಲ್ಲಿ ಮಾತ್ರ ಬಹಳ ದೂರದಲ್ಲಿ, ಉಳಿದವರ ಜೊತೆ. ಇದ್ದಕ್ಕಿದ್ದಂತೆ ಲಾರಿಯವನ ದನಿ ಬಂತು. "ಬಂದ ಕಣ್ರಪ್ಪ, ಕರಿಮೋಡ."

ಅವಳು ಮೊದಲ ಗುಂಡಿ ಒತ್ತಿದಳು. ಹೆಸರು ಒಂದೇ ಇತ್ತು, ಜಾರಲು ಬೇರೆ ಜಾಗವಿರಲಿಲ್ಲ. ಎರಡನೆಯದು ಒತ್ತಿದಳು, ಪುಟ್ಟ ಹಡಗು ಬಾಣದಂತೆ ಹೋಗಿ ಅವನ ಪಕ್ಕದಲ್ಲೇ ಗಿರಕಿ ಹೊಡೆಯತೊಡಗಿತು. ಮೂರನೆಯದು ಒತ್ತಿದಳು.

"ಹಿಡ್ಕೊಂಡಿದೀನಿ" ಎಂದಳು.

ಗೋಡೆಯಾಚೆಯಿಂದಲೂ ಹೆಡ್‌ಫೋನಿನಿಂದಲೂ ತಮ್ಮನ ದನಿ ಒಟ್ಟಿಗೇ ಬಂತು. "ಅಕ್ಕ, ಬಿಟ್ಟು ಬಾ. ನಾವು ಬರೋಕೆ ಇನ್ನೂ ಹೊತ್ತಾಗುತ್ತೆ. ನಿನ್ನ ಪುಡಿ ಮಾಡ್ತಾನೆ. ಇದು ಆರ್ಡರ್."

"ಆರ್ಡರ್ ತಗೊಳ್ಳೋದು ಅಂಗಡಿ ಜೊತೇಲೇ ಮುಗೀತು ಕಣೋ. ಬೇಗ ಬಾ."

ಕರಿಮೋಡನ ತೋಪುಗಳು ಅವಳನ್ನು ಹುಡುಕಿಕೊಂಡು ತಿರುಗಿದವು. ಹತ್ತು ಹೊಡೆದರೆ ಒಂದು ತಗುಲಿತು, ಆ ಒಂದೇ ಸಾಕಾಗಿತ್ತು. ಕವಚ ಮುಕ್ಕಾಲಾಯಿತು, ಅರ್ಧವಾಯಿತು. ಅವನು ಜಿಗಿಯಲು ನೋಡಿದ, ಆಗಲಿಲ್ಲ. ಅವಳ ಕೈ ಭುಜದವರೆಗೂ ನಡುಗುತ್ತಿತ್ತು, ಮೇಜು ಕೂಡ ಅದುರುತ್ತಿತ್ತು. ನಡುಗಲಿ. ಗುಂಡಿ ಒತ್ತಿ ಆಗಿತ್ತು, ಇನ್ನು ಕೈಯಿಂದ ಆಗಬೇಕಾದ್ದೇನೂ ಇರಲಿಲ್ಲ. ವಿದ್ಯುತ್ತು ಸಣ್ಣಗೆ ಇಳಿಯುತ್ತಿತ್ತು, ಮುಗಿಯಲಿಲ್ಲ. ಅಷ್ಟು ದಿನ ಕಾದು ಕಲಿತಿದ್ದು ಅದಕ್ಕೇ.

"ಅಕ್ಕ, ಬಿಡ್ಬೇಡಿ" ಎಂದ ಲಾರಿಯವನು ಮೆಲ್ಲಗೆ.

ಉಡದ ಪಟ್ಟು ಎಂದರೆ ಅದೇ. ದಳದ ಹಡಗುಗಳು ಬಂದು ಇಳಿದಾಗಲೂ ಕೊಕ್ಕೆ ಬಿಗಿಯಾಗಿತ್ತು. ತಮ್ಮನ ಮೊದಲ ಹೊಡೆತ ಕರಿಮೋಡನಿಗೆ ಬಿದ್ದ ಹೊತ್ತಿಗೇ ಅವಳ ಹಡಗು ಒಡೆದು ಕಿಡಿಯಾಯಿತು. ಅಷ್ಟು ಹೊತ್ತಿಗೆ ಬೇರೆಯವರೂ ಅವನನ್ನು ಸುತ್ತುಗಟ್ಟಿದ್ದರು, ಕಟ್ಟಿಹೋಗಿದ್ದ ಇಂಜಿನ್ನು ಮತ್ತೆ ಜಿಗಿಯಲು ಸಜ್ಜಾಗುವಷ್ಟು ಹೊತ್ತು ಅವನಿಗೆ ಸಿಗಲಿಲ್ಲ. ಕರಿಮೋಡ ಚೂರುಚೂರಾದ. ದಳದವರೆಲ್ಲ ಒಟ್ಟಿಗೆ ಕೂಗಾಡುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಕತ್ತರಿಯಕ್ಕನಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ತಡೆಯಲಿಲ್ಲ.

ತಮ್ಮ ಓಡಿ ಬಂದ, ಹೆಡ್‌ಫೋನು ಇನ್ನೂ ಕುತ್ತಿಗೆಗೆ ನೇತಾಡುತ್ತಿತ್ತು. "ಅಕ್ಕ, ಇನ್ಮೇಲೆ ನೀನು ದೊಡ್ಡ ಹಡಗು ಹತ್ಬೇಕು. ಇರು, ಅದರ ವಿದ್ಯೆ ನಾನೇ ಸಾಲಿಗೆ ಹಾಕ್ಕೊಡ್ತೀನಿ" ಎನ್ನುತ್ತ ಕೀಲಿಮಣೆಗೆ ಕೈ ಚಾಚಿದ.

"ಕೈ ತೆಗಿ" ಎಂದಳು ಅವಳು.

ಅವನು ತೆಗೆದ. ಅವಳ ಮುಖ ನೋಡಿದ, ಗುಂಡಿಗಳನ್ನು ನೋಡಿದ. "ಸರಿ ಅಕ್ಕ. ನೀನೇ ಹಾಕ್ಕೋ" ಎಂದ. ಗದ್ದಲ ಕೇಳಿ ನಾದಿನಿ ಚಹಾ ಹಿಡಿದು ಬಂದಳು, ಎಂದಿನಂತೆ ಕಪ್ಪಿಗೆ ಅರ್ಧ ಸುರಿದು ನಿಲ್ಲಿಸಿದಳು.

"ಪೂರ್ತಿ ತುಂಬು."

"ಚೆಲ್ಲುತ್ತೆ ಅತ್ತಿಗೆ."

"ಚೆಲ್ಲಲಿ. ಒರೆಸೋಕೆ ನನಗೆ ಬರುತ್ತೆ."

ನಾದಿನಿ ಗಂಡನ ಮುಖ ನೋಡಿದಳು. ಅವಳು ಅಂಚಿನವರೆಗೆ ತುಂಬಿದಳು. ಕತ್ತರಿಯಕ್ಕ ಬಲಗೈಯಲ್ಲೇ ಎತ್ತಿದಳು. ಚೆಲ್ಲಿತು, ಮೇಜಿನ ಅಂಚಿಗೆ ಹರಿದು ಸೀಮೆಸುಣ್ಣದಲ್ಲಿ ಬರೆದಿದ್ದ ತೋಪನ್ನು ಅಳಿಸಿಹಾಕಿತು. ಯಾರೂ ಕೈ ಚಾಚಲಿಲ್ಲ. ಅವಳು ಉಳಿದಷ್ಟನ್ನು ನಿಧಾನವಾಗಿ ಕುಡಿದು, ಬಟ್ಟೆ ತಂದು ಮೇಜು ಒರೆಸಿ, ಮುಂದಿನ ಸಾಲು ಬರೆಯಲು ಸೀಮೆಸುಣ್ಣ ಕೈಗೆತ್ತಿಕೊಂಡಳು.