ಅಪ್ಪನನ್ನು ದೊಡ್ಡದು ಮಾಡಿದ್ದು

ನಮ್ಮ ಮನೆಯಲ್ಲಿ ದೀಪ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದೆವು. ಆರಿಸು, ನಂದಿಸು ಎಂಬ ಮಾತುಗಳು ಹೊಸ್ತಿಲು ದಾಟಿ ಒಳಗೆ ಬರಬಾರದೆಂದು ಧಾರವಾಡದ ಕಡೆಯ ಅವ್ವನ ಕಟ್ಟಪ್ಪಣೆ, ಅವುಗಳ ಬದಲಿಗೆ ದೊಡ್ಡದು ಮಾಡು ಎನ್ನಬೇಕು. ಅಪ್ಪನ ರೈಲ್ವೆ ವರ್ಗಾವಣೆಯ ಜೊತೆ ಆ ಮಾತೂ ನಾಗಪುರಕ್ಕೆ ಬಂದು ಬಲ್ಬಿಗೆ, ಗ್ಯಾಸಿಗೆ, ಟಿವಿಗೆಲ್ಲ ಹಬ್ಬಿತು. ನಾನು ಚಿಕ್ಕವಳಿದ್ದಾಗ ಅವ್ವ "ಟಿವಿ ದೊಡ್ಡದ ಮಾಡು" ಎಂದರೆ ಬೇಕೆಂದೇ ದನಿ ಏರಿಸಿ ಬೆನ್ನಿಗೆ ಗುದ್ದು ತಿಂದದ್ದುಂಟು.

ನನ್ನ ಕೆಲಸ ಊರಾಚೆಯ ಹಿಂಗಣಾದ ಒಂದು ಕಾರ್ಖಾನೆಯಲ್ಲಿ. ಬಿಡಿಭಾಗಗಳ ನಕ್ಷೆಗಳನ್ನು ಎಲ್ಲರೂ ತಮ್ಮ ಕಂಪ್ಯೂಟರಿನಿಂದಲೇ ತೆರೆದುಕೊಳ್ಳುವಂತೆ ಇಟ್ಟಿರುವ ಸರ್ವರನ್ನು ನೋಡಿಕೊಳ್ಳುತ್ತೇನೆ. ಅದಕ್ಕೆ ಮೌಸೂ ಇಲ್ಲ, ಚಿತ್ರಗಳೂ ಇಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪು ಮಾಡಬೇಕು, ಅದು ಸಾಲಿನಲ್ಲಿ ಉತ್ತರ ಕೊಡುತ್ತದೆ. ಆ ಗೀಳು ಹತ್ತಿ ಮನೆಯ ಮೆಟ್ಟಿಲ ಕೆಳಗೂ ಒಂದು ಹಳೆಯ ಕಂಪ್ಯೂಟರನ್ನು ಸರ್ವರ್ ಮಾಡಿ ಕೂರಿಸಿದೆ. ನನಗೊಂದು ಖಾತೆ, ಅಪ್ಪನಿಗೊಂದು. ಅವರ ಖಾತೆಯ ಹೆಸರು ಅಪ್ಪ ಎಂದೇ. ಕೊನೆಯ ವರ್ಷ ಅವರು ತಮ್ಮ ಟ್ಯಾಬ್ಲೆಟ್ಟಿನಿಂದ ಅದರಲ್ಲಿ ಏನೇನೋ ತುಂಬುತ್ತಿದ್ದರು. ಅವರ ಟ್ರಂಕನ್ನು ಹೇಗೆ ಮುಟ್ಟುತ್ತಿರಲಿಲ್ಲವೋ ಹಾಗೆ ಅದನ್ನೂ ನಾನು ಇಣುಕಿ ನೋಡಲಿಲ್ಲ.

ಅವರು ಹೋದದ್ದು ಚಳಿಗಾಲದಲ್ಲಿ. ಮೇ ತಿಂಗಳ ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಕುಳಿತೇ ಮನೆಯ ಸರ್ವರಿಗೆ ಹೊಕ್ಕು, ಒಳಗೆ ಯಾರಿದ್ದಾರೆ ಎಂದು ಕೇಳುವ ಆಜ್ಞೆ ಕೊಟ್ಟೆ. ಸುಮ್ಮನೆ, ಕೈಚಟಕ್ಕೆ. ಒಂದೇ ಸಾಲು ಬಂತು. ಅಪ್ಪ. ಮೂರು ಗಂಟೆಗೆ ಬಂದಿದ್ದಾರೆ, ಒಂದು ಕಡತ ತೆರೆದಿದ್ದಾರೆ.

ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಟ್ಟೆ, ಅದೇ ಸಾಲು ಬಂತು. ಮನೆಯಲ್ಲಿದ್ದವಳು ಅವ್ವ ಒಬ್ಬಳೇ, ಮೊಬೈಲಿನ ತಲೆಬುಡ ತಿಳಿಯದವಳು. ಹೊರಗಿನ ಕಳ್ಳರು ನುಗ್ಗಿರಬಹುದೆಂದು ಹುಡುಕಿದೆ. ಇಲ್ಲ, ಬಂದದ್ದು ನಮ್ಮ ಮನೆಯೊಳಗಿನಿಂದಲೇ. ಮೂರೂವರೆಗೆ ಸಾಲು ಮಾಯವಾಯಿತು, ಮರುದಿನ ಮೂರಕ್ಕೆ ಮತ್ತೆ ಬಂತು. ಬದುಕಿದ್ದಾಗ ಅಪ್ಪ ನಿದ್ದೆಯಿಂದೆದ್ದು, ಚಹಾ ಕುಡಿದು, ಕಣ್ಣು ಮಂಜಾದ ಅವ್ವನಿಗೆ ಕನ್ನಡ ವಾರಪತ್ರಿಕೆ ಓದಿ ಹೇಳುತ್ತಿದ್ದ ಹೊತ್ತು ಅದು. ಟ್ಯಾಬ್ಲೆಟ್ಟು ಟ್ರಂಕಿನಲ್ಲೇ ಇದೆ ಎಂದು ನಾನು ತಿಳಿದಿದ್ದೆ. ತೆಗೆದು ನೋಡುವ ಧೈರ್ಯ ಬರಲಿಲ್ಲ.

ಭಾನುವಾರ ಹೊರಗಿನ ಕೋಣೆಯಲ್ಲಿ ಮಲಗಿದ್ದೆ. ಕೂಲರ್ ಭರ್ರೆಂದು ತಿರುಗುತ್ತಿತ್ತು. ಅದರ ಸದ್ದಿನ ಅಡಿಯಲ್ಲಿ, ಒಳಕೋಣೆಯಿಂದ, ಗಂಡಸೊಬ್ಬನ ಗುಣುಗುಣು. ಮಾತು ಯಾವುದೂ ಸ್ಪಷ್ಟವಿಲ್ಲ. ಗೋಡೆಯ ಗಡಿಯಾರ ನೋಡಿದೆ, ಮೂರೂ ಹತ್ತು. ನಾನು ಏಳಲಿಲ್ಲ. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡೆ, ಆ ಸೆಕೆಯಲ್ಲಿ.

ಸಂಜೆ ಕೊತ್ತಂಬರಿ ಸೊಪ್ಪು ಸೋಸುತ್ತಿದ್ದ ಅವ್ವನ ಎದುರು ಕುಳಿತೆ. "ಅವ್ವಾ, ಮಧ್ಯಾಹ್ನ ಯಾರರ ಬರ್ತಾರೇನು?"

ಅವಳು ತಲೆ ಎತ್ತಲಿಲ್ಲ. "ಮತ್ಯಾರ್ ಬರ್ತಾರ? ನಿಮ್ಮಪ್ಪ. ಬರೋಬರ್ ಮೂರಕ್ಕ."

ನಾನು ಒಳಕೋಣೆಯ ಬಾಗಿಲ ಕಡೆ ನೋಡಿದೆ. ಅವ್ವ ಸೋಸುತ್ತಲೇ ಇದ್ದಳು.

"ನನಗ ಭಾಳ ತ್ರಾಸ ಆಗಾಕತ್ತೈತಿ ನೋಡು. ನಿನ್ನ ಮಷೀನ್ಯಾಗ ಅವರ್ನ ಜರಾ ದೊಡ್ಡದ ಮಾಡು."

ಅಯ್ಯೋ ಅನ್ನಿಸಿತು. ಇವಳಿಗೂ ಕಾಣಿಸುತ್ತಿದ್ದಾರೆ, ಇವಳೂ ಒಳಗೊಳಗೇ ಹೆದರಿದ್ದಾಳೆ. ಗಂಡನ ವಿಷಯದಲ್ಲೂ ಆರಿಸು ಎನ್ನಲು ಬಾಯಿ ಬಾರದೆ ದೀಪದ ಮಾತನ್ನೇ ಆಡಿದ್ದಾಳೆ. "ಆತವ್ವಾ, ನಾಳೆ ಮಾಡ್ತೀನಿ" ಎಂದೆ.

ಮರುದಿನ ಮೂರು ಗಂಟೆಯ ಮೇಲೆ, ಖಾತೆಯನ್ನು ಅದರ ಕಡತಗಳ ಸಮೇತ ಅಳಿಸುವ ಆಜ್ಞೆ ಕೊಟ್ಟೆ. ಪರದೆ ಒಪ್ಪಲಿಲ್ಲ. ಅಪ್ಪ ಈಗ ಬಳಕೆಯಲ್ಲಿದ್ದಾರೆ ಎಂದಿತು. ಹಾಗಿದ್ದಾಗ ಮೊದಲು ಅವರ ಕೊಂಡಿ ಕಡಿಯಬೇಕು. ಆ ಆಜ್ಞೆಯ ಹೆಸರು ಕಿಲ್. ದಿನಕ್ಕೆ ಹತ್ತು ಸಲ ಟೈಪು ಮಾಡುವ ನಾನು ಅದರ ಅರ್ಥವನ್ನು ಎಂದೂ ಯೋಚಿಸಿರಲಿಲ್ಲ. ಅವತ್ತು ಯೋಚಿಸಿದೆ, ಆದರೂ ಕೊಟ್ಟೆ. ಆಮೇಲೆ ಅಳಿಸಿದೆ. ಕಪ್ಪು ಪರದೆ ಖಂಡಿತವೇ ಎಂದು ಕೇಳುವುದಿಲ್ಲ, ಅಳಿಸಿದ್ದನ್ನು ಎತ್ತಿಡುವ ಬುಟ್ಟಿಯೂ ಅದಕ್ಕಿಲ್ಲ. ಕಾರ್ಖಾನೆಯ ನಕ್ಷೆಗಳಿಗೆ ಮೂರು ಮೂರು ಪ್ರತಿ ಇಡುವವಳು ಮನೆಯದಕ್ಕೆ ಒಂದೂ ಇಟ್ಟಿರಲಿಲ್ಲ.

ಸಂಜೆ ಬಾಗಿಲು ತೆಗೆದರೆ ಮನೆ ಪೂರಾ ನಿಶ್ಶಬ್ದ. ಒಳಕೋಣೆಯಲ್ಲಿ ಅವ್ವ ಬೆವರಿನಲ್ಲಿ ತೊಯ್ದು ಕುಳಿತಿದ್ದಳು. ಪಕ್ಕದಲ್ಲಿ ತೆರೆದ ಟ್ರಂಕು, ಕಿವಿಗೆ ಒತ್ತಿ ಹಿಡಿದ ಟ್ಯಾಬ್ಲೆಟ್ಟು.

"ದೊಡ್ಡದ ಮಾಡು ಅಂದ್ರ ಏನ್ ಮಾಡಿದಿ? ಇಷ್ಟ ದಿನ ಕೂಲರ್ ಗದ್ದಲದಾಗ ಗುಣುಗುಣು ಅನ್ನೂದರ ಕೇಳ್ತಿತ್ತು. ಇವತ್ತ ನಡುವ ಓದೂದು ನಿಲ್ಲಿಸಿಬಿಟ್ರು. ಕೂಲರ್ ಸುದ್ದಾ ದೊಡ್ಡದ ಮಾಡಿ ಕುಂತೇನಿ, ಆದ್ರೂ ಕೇಳವಲ್ದು."

ಗಂಟಲಿಗೆ ರೋಗ ಬಂದಿದೆ ಎಂದು ತಿಳಿದ ದಿನದಿಂದ ಅಪ್ಪ ಹಳೆಯ ವಾರಪತ್ರಿಕೆಗಳನ್ನು ಪುಟಪುಟವಾಗಿ ಓದಿ ದನಿಯನ್ನು ಆ ಖಾತೆಯಲ್ಲಿ ಹಿಡಿದಿಟ್ಟಿದ್ದರಂತೆ. ಮೂರಕ್ಕೆ ಯಾವ ಚಿತ್ರ ಒತ್ತಬೇಕೆಂದು ಅವಳಿಗೆ ಕಲಿಸಿದ್ದರಂತೆ. ನನಗೆ ಹೇಳಿದರೆ ನಗುತ್ತೇನೆಂದು ಇಬ್ಬರೂ ಮುಚ್ಚಿಟ್ಟಿದ್ದರು.

ಜರಾ ಎಂದಿದ್ದಳು ಅವಳು, ಒಂಚೂರು. ದೀಪವನ್ನು ಯಾರಾದರೂ ಜರಾ ಆರಿಸುತ್ತಾರೆಯೇ? ಅವಳ ಒಂದು ಮಾತಿಗೆ ಇದ್ದ ಎರಡೂ ಅರ್ಥಗಳನ್ನು ಬಲ್ಲವಳು, ಗುದ್ದು ತಿಂದು ಕಲಿತವಳು, ಈ ಮನೆಯಲ್ಲಿ ನಾನೊಬ್ಬಳೇ ಇದ್ದೆ.

ಅವಳಿಗೆ ಇನ್ನೂ ಹೇಳಿಲ್ಲ. ಅವಳು ಈಗಲೂ ಮೂರಕ್ಕೆ ಕೂಲರ್ ದೊಡ್ಡದು ಮಾಡಿ ಟ್ಯಾಬ್ಲೆಟ್ಟು ಕಿವಿಗೆ ಹಿಡಿಯುತ್ತಾಳೆ. "ಇವತ್ತ ಜರಾ ಕೇಳಿಸ್ತು" ಎಂದು ಒಮ್ಮೊಮ್ಮೆ ಖುಷಿಯಿಂದ ಹೇಳುತ್ತಾಳೆ. ಅದೇ ಹೊತ್ತಿಗೆ ಹಿಂಗಣಾದಲ್ಲಿ ನಾನು ಒಳಗೆ ಯಾರಿದ್ದಾರೆ ಎಂದು ಕೇಳುತ್ತೇನೆ. ಯಾರೂ ಇರುವುದಿಲ್ಲ.